ಗ್ರಾಮಸಭೆಯ ಲೈವ್: ನೋಡುವವರಿಗೆ ಕೇಳುವ ಹಕ್ಕೂ ಬೇಕು

ಶಿಕಾರಿಪುರ, ಸೊರಬದ ಕಡೆ ಈಗ ಮೊಬೈಲಿನಲ್ಲಿ ಲೈವ್ ಬರದ ಸಮಾರಂಭ ಕಡಿಮೆ. ದೀಪಾವಳಿ ಕಳೆದ ಮೇಲಿನ ಹೋರಿ ಹಬ್ಬವನ್ನು ಹುಡುಗರು ಗಂಟೆಗಟ್ಟಲೆ ಫೋನಿನಿಂದಲೇ ಪ್ರಸಾರ ಮಾಡುತ್ತಾರೆ. ರಥೋತ್ಸವ, ಶಂಕುಸ್ಥಾಪನೆ, ಕೆರೆಗೆ ಬಾಗಿನ ಎಲ್ಲವೂ ಕೈಯಲ್ಲೇ ಕಾಣುತ್ತವೆ. ಹಾಗಾಗಿ ಹಳ್ಳಿಯಲ್ಲಿ ಇದನ್ನೆಲ್ಲ ಮಾಡುವವರು ಯಾರು ಎಂಬ ಪ್ರಶ್ನೆ ಉಳಿದಿಲ್ಲ. ಇಷ್ಟೆಲ್ಲ ಲೈವ್ ಆಗುವ ಊರಿನಲ್ಲಿ ಗ್ರಾಮಸಭೆ ಏಕೆ ಲೈವ್ ಆಗುವುದಿಲ್ಲ, ಪಂಚಾಯಿತಿಯ ವರ್ಷದ ಲೆಕ್ಕ ಒಪ್ಪಿಸುವ ಜಮಾಬಂದಿ ಏಕೆ ಆಗುವುದಿಲ್ಲ ಎಂಬುದನ್ನು ಕೇಳಬೇಕಾಗಿದೆ. ಅದಕ್ಕಿಂತ ಮುಖ್ಯವಾದ ಮಾತೂ ಒಂದಿದೆ. ನೋಡುವವನು ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಯಾರ ಮೇಲೂ ಇಲ್ಲದಿದ್ದರೆ ಆ ಪ್ರಸಾರ ಬರೀ ಪ್ರಚಾರ. ಅದನ್ನು ಜನಸಂಪರ್ಕ ಎಂದು ಕರೆಯುವುದು ತಪ್ಪು.

ಕೇಳಿದ್ದಕ್ಕೆ ಉತ್ತರ ಸಿಗುವುದು ಈ ಭಾಗಕ್ಕೆ ಜೀವದ ಪ್ರಶ್ನೆಯೂ ಹೌದು. ಮಂಗನ ಕಾಯಿಲೆಯ ವೈರಸ್ 1957ರಲ್ಲಿ ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈದ್ಯಗ್ರಂಥಗಳಲ್ಲಿ ಆ ಕಾಯಿಲೆಗೆ ಇಂದಿಗೂ ಅದೇ ಕಾಡಿನ ಹೆಸರು. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಈ ಕಾಯಿಲೆ ಹರಡುವ ಉಣುಗಿನ ಕಾಟ. ದರಕು, ಸೌದೆಗೆಂದು ಕಾಡಿಗೆ ಹೋಗುವವರಿಗೇ ಅಪಾಯ ಹೆಚ್ಚು. 2019ರ ಹೊತ್ತಿಗೆ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಸಾವುಗಳಾದವು. ವರ್ಷಗಟ್ಟಲೆ ಹಾಕಿಸಿಕೊಳ್ಳಿ ಎಂದು ಹೇಳುತ್ತ ಬಂದ ಲಸಿಕೆಯನ್ನು, ಅದರ ಪರಿಣಾಮ ಕುಗ್ಗಿದೆ ಎಂದು 2022ರಲ್ಲಿ ನಿಲ್ಲಿಸಲಾಯಿತು. ಇಂಥ ಸುದ್ದಿಯನ್ನು ಕರಪತ್ರ ಹಂಚಿ ಮುಗಿಸಲಾಗದು. ಹಿಂದೆ ಎರಡು ಡೋಸ್ ತೆಗೆದುಕೊಂಡವರಿಗೆ ಈಗ ಏನು ರಕ್ಷಣೆ, ಮೈಗೆ ಹಚ್ಚುವ ಡೀಪಾ ತೈಲ ಎಷ್ಟು ಹೊತ್ತು ಕೆಲಸ ಮಾಡುತ್ತದೆ, ತೋಟದಲ್ಲಿ ಮಂಗ ಸತ್ತು ಬಿದ್ದರೆ ಯಾರಿಗೆ ಫೋನು ಮಾಡಬೇಕು, ಜ್ವರ ಬಂದ ಎಷ್ಟನೇ ದಿನ ರಕ್ತ ಪರೀಕ್ಷೆ ಎಂದು ಜನ ಕೇಳಿಯೇ ಕೇಳುತ್ತಾರೆ. ತಾಲ್ಲೂಕು ಆರೋಗ್ಯಾಧಿಕಾರಿ ವಾರಕ್ಕೊಂದು ಸಂಜೆ, ಕೆಲಸ ಮುಗಿಸಿ ಜನ ಮನೆಗೆ ಬಂದ ಮೇಲೆ, ಫೋನಿನ ಮುಂದೆ ಕುಳಿತು ಇವಕ್ಕೆ ಉತ್ತರಿಸಿದರೆ ಆ ಒಂದು ಗಂಟೆ ಹತ್ತು ಭಾಷಣಕ್ಕಿಂತ ಮೇಲು. ನಾಲ್ಕು ಜನರ ಎದುರು ಬಾಯಿಬಿಡಲು ಹಿಂಜರಿಯುವ ಹೆಂಗಸರೂ ಬರೆದು ಕೇಳಬಹುದು. ಒಬ್ಬರ ಸಂಶಯಕ್ಕೆ ಸಿಕ್ಕ ಉತ್ತರ ನೂರು ಮನೆಗೆ ಮುಟ್ಟುತ್ತದೆ.

ಮಾತನ್ನು ಕತ್ತರಿಸಿ ತಿರುಚುತ್ತಾರೆ ಎಂಬುದು ಅಧಿಕಾರಿಗಳ ಮೊದಲ ಆಕ್ಷೇಪ. ಭಯಕ್ಕೆ ಕಾರಣವಿದೆ. ಕರ್ನಾಟಕ ಹೈಕೋರ್ಟ್ 2021ರ ಮೇ ಕೊನೆಯಲ್ಲಿ ಪ್ರಾಯೋಗಿಕವಾಗಿ ಕಲಾಪದ ನೇರಪ್ರಸಾರ ಆರಂಭಿಸಿತು. ನಿಯಮಗಳು 2022ರ ಜನವರಿಯಿಂದ ಜಾರಿಗೆ ಬಂದವು. 2024ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿಯೊಬ್ಬರ ಮಾತಿನ ತುಣುಕುಗಳು ಹರಿದಾಡಿ ದೊಡ್ಡ ಗದ್ದಲವಾಯಿತು. ನ್ಯಾಯಮೂರ್ತಿ ವಿಷಾದ ವ್ಯಕ್ತಪಡಿಸಿದರು. ಸುಪ್ರೀಂ ಕೋರ್ಟ್ ಈ ಕುರಿತ ಪ್ರಕರಣ ಮುಗಿಸುವಾಗ ಹೇಳಿದ್ದರ ಸಾರ ಇಷ್ಟು: ಬೆಳಕಿನಿಂದ ತೊಂದರೆಯಾಯಿತೆಂದು ಬಾಗಿಲು ಮುಚ್ಚಬೇಡಿ. ಮರೆಯಲ್ಲಿ ಉಳಿಯಬಹುದಾಗಿದ್ದ ಮಾತು ಹೊರಬಂದದ್ದು, ಅದಕ್ಕೆ ವಿಷಾದ ಕೇಳಿಬಂದದ್ದು ಪ್ರಸಾರವಿದ್ದುದರಿಂದಲೇ. ಉಚ್ಚ ನ್ಯಾಯಾಲಯವೇ ಒಪ್ಪಿಕೊಂಡ ಬೆಳಕನ್ನು ಗ್ರಾಮ ಪಂಚಾಯಿತಿ ಒಲ್ಲೆ ಎನ್ನಲು ಕಾರಣ ಕಾಣುವುದಿಲ್ಲ. ತುಣುಕಿಗೆ ಮದ್ದೆಂದರೆ ಪೂರ್ತಿ ರೆಕಾರ್ಡಿಂಗ್ ಎಲ್ಲರಿಗೂ ಸಿಗುವಂತೆ ಇಡುವುದು.

ಮನೆಯಲ್ಲೇ ಕೂತು ನೋಡುವಂತಾದರೆ ಸಭೆಗೆ ಬರುವವರು ಯಾರು, ಕೋರಂ ಏನಾಗಬೇಕು ಎಂಬ ಮಾತಿನಲ್ಲೂ ಹುರುಳಿದೆ. ಲೈವ್ ನೋಡಿದವರನ್ನು ಹಾಜರಿ ಪುಸ್ತಕಕ್ಕೆ ಸೇರಿಸಬಾರದು. ಸಭೆ ಸಭೆಯಾಗಿಯೇ ನಡೆಯಬೇಕು. ಆದರೆ ಓಟು ಊರಲ್ಲಿ, ದುಡಿಮೆ ಬೆಂಗಳೂರಲ್ಲಿ ಎನ್ನುವವರು ಹೇಗೂ ಸಭೆಗೆ ಬರುವುದಿಲ್ಲ. ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿಯ ನೀರು ನಮ್ಮ ಕೆರೆಗೆ ಯಾವಾಗ ಎಂದು ಕೇಳುವ ಹಕ್ಕು ಅವರಿಗೂ ಇದೆ. ಇನ್ನು ನೆಟ್‌ವರ್ಕ್. ಮಲೆನಾಡಿನಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಊರುಗಳಿರುವುದು ನಿಜ. ಅಲ್ಲಿಗೆ ಡಂಗುರವೂ ಬೇಕು, ಆಶಾ ಕಾರ್ಯಕರ್ತೆಯೂ ಬೇಕು. ಲೈವ್ ಮಾಡಿದ್ದೇವೆ ಎಂದು ಮನೆಮನೆ ಭೇಟಿ ನಿಲ್ಲಿಸಿದರೆ ಅದು ದ್ರೋಹ.

ಖಾಸಗಿತನದ ಆಕ್ಷೇಪ ಮಾತ್ರ ಉಳಿದೆಲ್ಲಕ್ಕಿಂತ ಗಟ್ಟಿ. ಚಂದ್ರಗುತ್ತಿಯಲ್ಲಿ ಹೆಣ್ಣುಮಕ್ಕಳು ಹರಕೆಗೆಂದು ಮಾಡುತ್ತಿದ್ದ ಬೆತ್ತಲೆ ಸೇವೆ 1986ರ ಘರ್ಷಣೆಯ ಬಳಿಕ ನಿಷೇಧವಾಯಿತು. ಆ ದಿನ ಪ್ರತಿ ಕೈಯಲ್ಲೂ ಲೈವ್ ಹೋಗುವ ಫೋನು ಇದ್ದಿದ್ದರೆ ಆ ಹೆಣ್ಣುಮಕ್ಕಳ ಗತಿ ಏನಾಗುತ್ತಿತ್ತು ಎಂದು ಯೋಚಿಸಿದರೆ ಸಾಕು. ಕ್ಯಾಮೆರಾ ತಿರುಗಬೇಕಾದದ್ದು ಉತ್ತರ ಕೊಡಬೇಕಾದವರ ಕಡೆಗೆ. ಮನೆ ಕೇಳಿ, ಪಿಂಚಣಿ ಕೇಳಿ ನಿಂತ ಮುದುಕಿಯ ಮುಖಕ್ಕೆ, ಜ್ವರ ಬಂದವನ ಹಾಸಿಗೆಗೆ ಅದು ಹೋಗಕೂಡದು.

ಬಳ್ಳಿಗಾವಿಯ ಶಾಸನಗಳಲ್ಲಿ ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಭೂಮಿಯ ಎಲ್ಲೆ ಎಲ್ಲಿಯವರೆಗೆ ಎಂಬುದು ಇಂದಿಗೂ ಓದಲು ಸಿಗುತ್ತದೆ. ಅದೇ ಸೀಮೆಯಲ್ಲಿ ಹೋದ ವರ್ಷದ ಗ್ರಾಮಸಭೆಯಲ್ಲಿ ಕೊಟ್ಟ ಮಾತು ಈ ವರ್ಷ ಯಾರ ಕೈಗೂ ಸಿಗದಿರುವುದು ನಾಚಿಕೆಗೇಡು. ಮುಂದಿನ ಗ್ರಾಮಸಭೆಗೆ ಹೋದಾಗ ಪಿಡಿಒ ಬಳಿ ಎರಡು ನಿರ್ಣಯ ಬರೆಸಿ: ಸಭೆ ಲೈವ್ ಆಗಬೇಕು, ಲೈವ್‌ನಲ್ಲಿ ಬಂದ ಪ್ರಶ್ನೆ ನಡಾವಳಿ ಪುಸ್ತಕಕ್ಕೆ ಸೇರಿ ಮುಂದಿನ ಸಭೆಯೊಳಗೆ ಲಿಖಿತ ಉತ್ತರ ಬರಬೇಕು. ಎರಡನೆಯದು ಇಲ್ಲದೆ ಮೊದಲನೆಯದನ್ನು ಒಪ್ಪಬೇಡಿ.