ಟೆರೇಸ್ ಹತ್ತದ ಸಿವಿಲ್ ಇಂಜಿನಿಯರ್

ರನ್‌ಆಫ್ ಲೆಕ್ಕ ನನಗೆ ನಿದ್ದೆಯಲ್ಲೂ ಬರುತ್ತೆ. ಕ್ಯೂ ಈಸ್ ಈಕ್ವಲ್ ಟು ಸಿ ಐ ಎ. ಸಿ ಅಂದ್ರೆ ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು, ಐ ಅಂದ್ರೆ ಮಳೆಯ ತೀವ್ರತೆ, ಎ ಅಂದ್ರೆ ವಿಸ್ತೀರ್ಣ. ಹೈಡ್ರಾಲಜಿ ಪೇಪರಲ್ಲಿ ಈ ಲೆಕ್ಕಕ್ಕೆ ಪೂರ್ತಿ ಮಾರ್ಕ್ಸ್ ತಗೊಂಡವನು ನಾನು. ಆದರೆ ಮೇ ಕೊನೆಯಲ್ಲಿ ರೋಹಿಣಿ ಮಳೆ ಒಂದು ರಾತ್ರಿ ಜೋರಾಗಿ ಹೊಡೆದಾಗ ತುಮಕೂರಿನ ನಮ್ಮ ಮನೆ ಟೆರೇಸ್ ಕೆರೆಯಾಗಿತ್ತು.

ಅಮ್ಮ ಫೋನ್ ಮಾಡಿದಾಗ ರಾತ್ರಿ ಹನ್ನೊಂದು. ನಾನು ಹಾಸ್ಟೆಲ್‌ನಲ್ಲಿದ್ದೆ. ಅಜ್ಜಿ ಮಲಗೋ ರೂಮಲ್ಲಿ ಮೇಲಿಂದ ನೀರು ತೊಟ್ಟಿಕ್ಕುತ್ತಿದೆ, ಫ್ಯಾನ್ ಹತ್ತಿರ ಎಲ್ಲ ಒದ್ದೆ, ಮೇನ್ ಸ್ವಿಚ್ ಆಫ್ ಮಾಡಿದ್ದೀವಿ, ನಿಮ್ಮಪ್ಪ ಕಬ್ಬಿಣದ ಸರಳು ಹಿಡ್ಕೊಂಡು ಮೇಲೆ ಹತ್ತಿದ್ದಾರೆ ಅಂದಳು. ಗುಡುಗು ಸಿಡಿಲು ಫೋನಲ್ಲೇ ಕೇಳಿಸ್ತಿತ್ತು. ಸಿಡಿಲು ಹೊಡೆಯೋ ಹೊತ್ತಲ್ಲಿ ಸರಳು ಹಿಡಿದು ಟೆರೇಸ್ ಮೇಲೆ! ‘ಕೆಳಗೆ ಕರಿ ಅವರನ್ನ’ ಅಂತ ಕಿರುಚಿದೆ. ಅಷ್ಟರಲ್ಲಿ ಅಪ್ಪ ಪಾಚಿ ಮೇಲೆ ಜಾರಿ ಬಿದ್ದಾಗಿತ್ತು. ಪುಣ್ಯಕ್ಕೆ ಮಣಿಕಟ್ಟು ಉಳುಕಿದ್ದರಲ್ಲೇ ಮುಗೀತು. ಹದಿನೈದು ದಿನ ಬ್ಯಾಂಡೇಜು.

ಮಾರನೇ ದಿನ ಬೆಳಗಿನ ಬಸ್ ಹಿಡಿದು ಹೋದೆ. ಟೆರೇಸ್‌ನ ಮೂಲೆಯಲ್ಲಿ ಮಳೆನೀರು ಇಳಿಯೋ ಪೈಪಿನ ಬಾಯಿಗೆ ಚಪ್ಪಟೆ ಜಾಲರಿ ಇದೆ. ಅದರ ಮೇಲೆ ಕೈ ಹಾಕಿದಾಗ ಸಿಕ್ಕಿದ್ದು ಪಕ್ಕದ ಮರದ ಹೊಂಗೆ ಹೂವು ಕೊಳೆತ ಮುದ್ದೆ, ಒಂದಷ್ಟು ಗಾಳಿಪಟದ ದಾರ, ಹಾಲಿನ ಪ್ಯಾಕೆಟ್‌ನಿಂದ ಕತ್ತರಿಸಿದ ಒಂದು ಮೂಲೆ. ಅಷ್ಟೇ. ಒಂದು ಹಿಡಿ ಕಸ.

ಈಗ ಲೆಕ್ಕಕ್ಕೆ ಬನ್ನಿ. ಮೂವತ್ತು ನಲವತ್ತರ ಸೈಟಿನ ಮನೆಗೆ ಸುಮಾರು 1000 ಚದರಡಿ ಟೆರೇಸ್ ಅಂತ ಇಟ್ಕೊಳ್ಳಿ, ಅಂದ್ರೆ 93 ಚದರ ಮೀಟರ್. ಬರೀ 10 ಮಿಲಿಮೀಟರ್ ಮಳೆ ಬಿದ್ರೂ 930 ಲೀಟರ್ ನೀರು. ಹೆಚ್ಚುಕಮ್ಮಿ ಒಂದು ಸಿಂಟೆಕ್ಸ್ ಟ್ಯಾಂಕ್. ಪೈಪ್ ಕಟ್ಟಿಕೊಂಡರೆ, ಸುತ್ತಲೂ ಪ್ಯಾರಾಪೆಟ್ ಇರೋದ್ರಿಂದ ಅದಕ್ಕೆ ಬೇರೆ ದಾರಿಯಿಲ್ಲ. ಬಾಯಿ ಹತ್ತಿರ 10 ಸೆಂಟಿಮೀಟರ್ ನೀರು ನಿಂತರೆ ಅಲ್ಲಿ ಚದರ ಮೀಟರಿಗೆ 100 ಕೆಜಿ ಭಾರ. ಜನ ಓಡಾಡೋ ಟೆರೇಸಿಗೆ ಐಎಸ್ 875 ಹೇಳೋ ಲೈವ್ ಲೋಡ್ 1.5 ಕಿಲೋನ್ಯೂಟನ್. ಅದರಲ್ಲಿ ಮೂರನೇ ಎರಡು ಭಾಗವನ್ನ ಒಂದು ಹಾಲಿನ ಪ್ಯಾಕೆಟ್ ಮೂಲೆ ತಿಂದುಹಾಕಿತ್ತು! ಸ್ಲ್ಯಾಬ್ ತಡ್ಕೊಳ್ಳುತ್ತೆ, ಸರಿ. ಆದರೆ ನಿಂತ ನೀರು ಸುಮ್ಮನಿರಲ್ಲ, ಕೂದಲೆಳೆ ಬಿರುಕು ಹುಡುಕಿ ಇಳಿದು ಒಳಗಿನ ಕಂಬಿಗೆ ತುಕ್ಕು ಹಿಡಿಸುತ್ತೆ. ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನೇ ಒಡೆಯುತ್ತೆ. ಅಜ್ಜಿಯ ಮಂಚದ ಮೇಲೆ ಬೀಳೋದು ಆ ಚೂರು.

ಇಷ್ಟು ವರ್ಷ ಯಾಕೆ ಹೀಗಾಗಿರಲಿಲ್ಲ ಅಂತ ಕೇಳಿದೆ. ಅಮ್ಮ ಮಾತಿನ ಮಧ್ಯೆ ಹೇಳಿದಳು: ‘ಪ್ರತಿ ವರ್ಷ ಯುಗಾದಿ ಆದ್ಮೇಲೆ ನಾನೇ ಗುಡಿಸಿ ಜಾಲರಿ ತೆಗೆದು ತೊಳೀತಿದ್ದೆ ಕಣೋ, ಮಳೆ ಶುರುವಾದ್ಮೇಲೆ ವಾರಕ್ಕೊಂದ್ಸಲ ನೋಡ್ತಿದ್ದೆ. ಈ ವರ್ಷ ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗ್ಲಿಲ್ಲ.’ ನನಗೆ ಗೊತ್ತೇ ಇರಲಿಲ್ಲ. ಅಪ್ಪನಿಗೂ. ನಮ್ಮ ಮನೆಯ ಡ್ರೈನೇಜ್ ವ್ಯವಸ್ಥೆಯ ಅತಿ ಮುಖ್ಯ ಭಾಗ ಪೈಪೂ ಅಲ್ಲ, ಮೇಸ್ತ್ರಿ ಕೊಟ್ಟ ವಾಟವೂ ಅಲ್ಲ. ಅಮ್ಮನ ಮಂಡಿ. ಯಾವ ಡ್ರಾಯಿಂಗಲ್ಲೂ ಅದು ಇರಲಿಲ್ಲ.

ಇಲ್ಲೇ ನನ್ನ ತಕರಾರು ಇರೋದು. ನಾಲ್ಕು ವರ್ಷ ನಾವು ಕಲಿಯೋದು ಕಟ್ಟೋದನ್ನ. ಡಿಸೈನ್ ಮಾಡಿದರೆ ಮಾರ್ಕ್ಸು, ಮಾಡೆಲ್ ಮಾಡಿದರೆ ಫೆಸ್ಟಲ್ಲಿ ಪ್ರೈಜು. ಕಟ್ಟಿದ್ದನ್ನ ನೋಡಿಕೊಳ್ಳೋದು ಮಾತ್ರ ‘ಕೆಲಸದವರ ಕೆಲಸ’. ಬೆಂಗಳೂರಲ್ಲಿ ಮಳೆನೀರು ಕೊಯ್ಲು ಕಡ್ಡಾಯ ಮಾಡಿ ಕಾನೂನು ತಿದ್ದಿದ್ದು 2009ರಲ್ಲಿ. ಒಳ್ಳೆಯ ಕೆಲಸ. ಕಾನೂನಿಗೆ ಹೆದರಿ ಫಿಲ್ಟರ್ ಹಾಕಿಸಿದವರಿದ್ದಾರೆ. ಅದನ್ನ ತೆರೆದು ತೊಳೆದವರನ್ನ ನನ್ನ ನೆಂಟರಿಷ್ಟರಲ್ಲಿ ನಾನಿನ್ನೂ ನೋಡಿಲ್ಲ. ತೊಳೆಯದ ಫಿಲ್ಟರ್ ಅಂದ್ರೆ ಪೈಪಿನ ಮಧ್ಯೆ ನಾವೇ ದುಡ್ಡು ಕೊಟ್ಟು ಹಾಕಿಸಿದ ಬಿರಡೆ. ಅದಕ್ಕಿಂತ ಫಿಲ್ಟರ್ ಇಲ್ಲದ ಮನೆಯೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಬೈಯೋರು ಬೈಯಿರಿ.

ಇನ್ನೊಂದು ವಿಷಯ ಹೇಳೋಕೆ ನಾಚಿಕೆಯಾಗುತ್ತೆ. ಪೈಪ್ ಹಿಡಿದು ಕೆಳಗೆ ಹೋಗಿ ನೋಡಿದರೆ ಅದು ಸೇರ್ತಿದ್ದದ್ದು ಯುಜಿಡಿ ಛೇಂಬರಿಗೆ. ಮನೆ ಕಟ್ಟುವಾಗ ಮೇಸ್ತ್ರಿ ‘ಹತ್ರ ಆಗುತ್ತೆ ಸಾರ್’ ಅಂದ, ಅಪ್ಪ ಹೂಂ ಅಂದ್ರು. ಎಷ್ಟೋ ಬೀದಿಗಳಲ್ಲಿ ಇದೇ ಕಥೆ. ಒಳಚರಂಡಿ ಪೈಪಿನ ಅಳತೆ ಮನೆಗಳ ಕೊಳಕು ನೀರಿಗೆ ಲೆಕ್ಕ ಹಾಕಿದ್ದು, ಬೀದಿಯ ಟೆರೇಸ್‌ಗಳ ಮಳೆ ಎಲ್ಲ ಅದಕ್ಕೆ ಬಂದರೆ ಅದು ಮ್ಯಾನ್‌ಹೋಲಿನಿಂದ ಉಕ್ಕುತ್ತೆ, ಇಳಿಜಾರಿನ ಕೊನೇ ಮನೆಯ ಬಚ್ಚಲಿಗೆ ವಾಪಸ್ ಬರುತ್ತೆ. ಆಮೇಲೆ ನಾವೇ ಮುನ್ಸಿಪಾಲಿಟಿಯವರನ್ನ ಬೈತೀವಿ. ಅವರ ತಪ್ಪೂ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ನಮ್ಮ ಪೈಪನ್ನ ನಾವು ಕಿತ್ತಿದ್ದೀವಾ? ನಾವು ಕಿತ್ತೆವು. ಪ್ಲಂಬರ್ ಬಂದು ಒಂದು ದಿನದಲ್ಲಿ ಮುಂದಿನ ಚರಂಡಿಗೆ ತಿರುಗಿಸಿಕೊಟ್ಟ. ಸಂಪ್‌ಗೆ ಬಿಡೋ ಆಸೆಯಿತ್ತು, ಅದರ ಫಿಲ್ಟರ್ ಯಾರು ತೊಳೀತಾರೆ ಅಂತ ಅಮ್ಮ ಕೇಳಿದ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಚಪ್ಪಟೆ ಜಾಲರಿ ತೆಗೆಸಿ ಗುಮ್ಮಟದಂಥದ್ದು ಹಾಕಿಸಿದೆವು. ಚಪ್ಪಟೆಯದನ್ನ ಒಂದು ದೊಡ್ಡ ಎಲೆಯೇ ಮುಚ್ಚಿಬಿಡುತ್ತೆ, ಗುಮ್ಮಟಕ್ಕೆ ಬುಡದಲ್ಲಿ ಕಸ ಕೂತರೂ ಮೇಲಿನ ಬದಿಯಿಂದ ನೀರು ನುಗ್ಗುತ್ತೆ. ಪ್ಯಾರಾಪೆಟ್ಟಿಗೆ ಟೆರೇಸ್ ಮಟ್ಟದಿಂದ ಎರಡಿಂಚು ಮೇಲೆ ತೂತು ಕೊರೆಸಿ, ಗೇಟಿನ ಮುಂದೆ ಬೀಳೋ ಹಾಗೆ ಒಂದು ತುಂಡು ಪೈಪ್ ಚಾಚಿಸಿದೆವು. ಅಲ್ಲಿಂದ ನೀರು ಸುರಿದರೆ ಕೆಳಗಿನ ಪೈಪ್ ಕಟ್ಟಿದೆ ಅಂತ ಅರ್ಥ, ರಾತ್ರಿ ಯಾರೂ ಮೇಲೆ ಹತ್ತಬೇಕಾಗಿಲ್ಲ. ಪ್ಯಾರಾಪೆಟ್ ಸಂದಿಯಲ್ಲಿ ಹಕ್ಕಿ ಹಿಕ್ಕೆಯಿಂದ ಮೊಳೆತಿದ್ದ ಅರಳಿ ಗಿಡವನ್ನೂ ಬೇರುಸಮೇತ ತೆಗೆದೆ. ಅಜ್ಜಿಗೆ ಅದು ಇಷ್ಟವಾಗಲಿಲ್ಲ, ಹಾಗಾಗಿ ಕುಂಡದಲ್ಲಿ ನೆಟ್ಟಿದ್ದೀನಿ.

ಈಗ ನಮ್ಮ ಹಾಸ್ಟೆಲ್. ಮೂರನೇ ಮಹಡಿಯ ಗೋಡೆಯ ಹಸಿರು ಪಟ್ಟೆಯನ್ನ ನೀವೆಲ್ಲ ನೋಡಿದ್ದೀರಿ, ಅದರ ಮೇಲೆ ಮೀಮ್ ಕೂಡ ಬಂದಿದೆ. ಮೇಲೆ ಹೋಗಿ ಆ ಪೈಪಿನ ಬಾಯಿ ನೋಡಿದವರು ಕೈ ಎತ್ತಿ. ಸಿವಿಲ್‌ನವರೇ, ನಿಮ್ಮನ್ನೇ ಕೇಳ್ತಿರೋದು (ಮೆಕ್ಯಾನಿಕಲ್‌ನವರು ನಗಬೇಡಿ, ಪಂಪ್ ರೂಮಿನ ಕಥೆ ಗೊತ್ತು). ನಾನು ವಾರ್ಡನ್ ಸರ್‌ಗೆ ಅರ್ಜಿ ಕೊಟ್ಟಿದ್ದೀನಿ: ಸೆಪ್ಟೆಂಬರ್ ಮಳೆ ಬಲಿಯೋ ಮುಂಚೆ ಒಂದು ಭಾನುವಾರ, ಹಗಲು ಹೊತ್ತು, ಮಳೆ ಇಲ್ಲದಾಗ ಟೆರೇಸ್ ಬೀಗ ತೆಗೆಸಿಕೊಡಿ ಅಂತ. ಬೇಕಾಗಿರೋದು ಪೊರಕೆ, ಗ್ಲೌಸ್, ಬಕೆಟ್. ಪ್ರತಿ ಬಾಯಿಗೂ ಒಂದು ಬಕೆಟ್ ನೀರು ಸುರಿದು ಟೈಮ್ ನೋಡೋಣ, ಯಾವ ಪೈಪ್ ತಡಮಾಡುತ್ತೋ ಅದನ್ನ ಬರೆದಿಡೋಣ.

ಅಜ್ಜಿ ರೂಮಿನ ಕಲೆ ಹಾಗೇ ಇದೆ. ಒದ್ದೆ ಗೋಡೆಗೆ ಪೇಂಟ್ ನಿಲ್ಲಲ್ಲ, ದೀಪಾವಳಿ ಕಳೀಲಿ ಅಂದಿದ್ದಾರೆ ಅಪ್ಪ. ಜಾಲರಿ ನೋಡೋ ಪಾಳಿ ಈಗ ಅವರದ್ದು, ನಾನು ಊರಿಗೆ ಹೋದ ವಾರ ನನ್ನದು.