ನಿಂತು ಬಾಳುವವು, ನಡೆದು ಬಾಳುವವು

ನಮ್ಮ ಮಕ್ಕಳು ಮರಾಠಿಯಲ್ಲಿ ಓದಲಿ, ತಮಿಳಿನಲ್ಲಿ ಓದಲಿ, ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಓದಲಿ, ವಿಜ್ಞಾನದ ಪುಸ್ತಕದಲ್ಲಿ ಒಂದು ಪಾಠ ಮಾತ್ರ ಎಲ್ಲೂ ತಪ್ಪದು. ‘ಜೀವಿಗಳ ಲಕ್ಷಣಗಳನ್ನು ಬರೆಯಿರಿ’ ಎಂಬ ಪ್ರಶ್ನೆಯೂ ತಪ್ಪದು. ಆಹಾರ, ಉಸಿರಾಟ, ಬೆಳವಣಿಗೆ, ಚಲನೆ, ಸಂವೇದನೆ, ವಿಸರ್ಜನೆ, ಸಂತಾನ ಎಂದು ಏಳನ್ನೂ ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಅಂಕಗಳೂ ಬರುತ್ತವೆ. ಅದೇ ಮಗುವನ್ನು ಕರೆದು, ‘ಬಾಲ್ಕನಿಯ ತುಳಸಿಗೆ ಜೀವವಿದೆಯೇ?’ ಎಂದು ಕೇಳಿ ನೋಡಿ. ‘ಇದೆ’ ಎನ್ನುತ್ತದೆ. ‘ಹಾಗಾದರೆ ಅದು ಯಾವಾಗ ಉಣ್ಣುತ್ತದೆ? ಎಲ್ಲಿಂದ ಉಸಿರಾಡುತ್ತದೆ? ಅದರ ಓಡಾಟವೆಲ್ಲಿ?’ ಎಂದರೆ ಮಗು ತಾಯಿಯ ಮುಖ ನೋಡುತ್ತದೆ. ತಾಯಿ ತಂದೆಯ ಮುಖ ನೋಡುತ್ತಾರೆ. ಈ ಸಲದ ನಮ್ಮ ಅಂಕಣ ಮೂವರಿಗೂ ಸೇರಿದ್ದು.

ಮೊದಲು ಆ ಪಟ್ಟಿಯನ್ನೇ ಸ್ವಲ್ಪ ಒರೆಗೆ ಹಚ್ಚೋಣ. ಸೌದೆಯ ಒಲೆಯ ಬೆಂಕಿಯನ್ನು ನೆನೆದುಕೊಳ್ಳಿ. ಅದು ಸೌದೆಯನ್ನು ತಿನ್ನುತ್ತದೆ, ಗಾಳಿಯಿಲ್ಲದಿದ್ದರೆ ನಂದುತ್ತದೆ, ಬೆಳೆಯುತ್ತದೆ, ಅಲುಗುತ್ತದೆ, ಬೂದಿ ಬಿಡುತ್ತದೆ, ಒಂದು ಕಿಡಿಯಿಂದ ಇನ್ನೊಂದು ಬೆಂಕಿ ಹುಟ್ಟುತ್ತದೆ. ಪಟ್ಟಿಯ ಬಹುಪಾಲು ಲಕ್ಷಣಗಳು ಅದಕ್ಕುಂಟು, ಜೀವ ಮಾತ್ರ ಇಲ್ಲ. ಇನ್ನೊಂದು ಕಡೆ, ಡಬ್ಬಿಯಲ್ಲಿರುವ ಹೆಸರುಕಾಳನ್ನು ನೋಡಿ. ಕಣ್ಣಿಗೆ ಕಾಣುವಂತೆ ಏಳರಲ್ಲಿ ಒಂದೂ ಅದಕ್ಕಿಲ್ಲ; ಆದರೂ ಜೀವವಿದೆ. ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೆಯ ದಿನ ಮೊಳಕೆಯೊಡೆಯುತ್ತದೆ. ಇಸ್ರೇಲಿನ ಮಸಾಡ ಕೋಟೆಯ ಅವಶೇಷಗಳಲ್ಲಿ ಸಿಕ್ಕಿದ, ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದನ್ನು 2005ರಲ್ಲಿ ನೆಟ್ಟಾಗ ಅದು ಮೊಳೆತು ಮರವಾಗಿ ಬೆಳೆಯಿತು. ಅಷ್ಟು ಕಾಲವೂ ಜೀವ ಅದರೊಳಗೆ ಕಾದಿತ್ತು.

ಹಾಗಾದರೆ ವ್ಯತ್ಯಾಸವೆಲ್ಲಿ? ಬೆಂಕಿ ತಾನು ತಿಂದುದನ್ನು ಬೂದಿ ಮಾಡುತ್ತದೆ. ಜೀವಿ ತಾನು ಪಡೆದುದನ್ನು ತನ್ನದೇ ಮೈಯಾಗಿ ಮಾಡಿಕೊಳ್ಳುತ್ತದೆ. ಒಂದೇ ಬಯಲಿನ ಹುಲ್ಲನ್ನು ಹಸು ಮೇಯ್ದರೆ ಹಸುವಿನ ಮೈಯಾಗುತ್ತದೆ, ಕುರಿ ಮೇಯ್ದರೆ ಕುರಿಯ ಮೈಯಾಗುತ್ತದೆ. ಒಂದೇ ಮಣ್ಣು, ಒಂದೇ ನೀರು. ರಾಗಿ ರಾಗಿಯಾಗುತ್ತದೆ, ಅವರೆ ಅವರೆಯಾಗುತ್ತದೆ. ತನ್ನ ಮೈಯನ್ನು ತಾನೇ ಕಟ್ಟಿಕೊಂಡು, ಕೆಟ್ಟುದನ್ನು ತಾನೇ ಸರಿಮಾಡಿಕೊಂಡು, ತನ್ನಂಥದೇ ಇನ್ನೊಂದನ್ನು ಬಿಟ್ಟುಹೋಗುವುದು ಜೀವದ ಕೆಲಸ. ಏಳು ಲಕ್ಷಣಗಳೂ ಈ ಒಂದು ಕೆಲಸದ ಏಳು ಅಂಗಗಳೆಂದು ತಿಳಿದರೆ ಪಟ್ಟಿ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ.

ಈ ಕಟ್ಟಡದ ಇಟ್ಟಿಗೆಗಳೇ ಜೀವಕೋಶಗಳು. 1838ರಲ್ಲಿ ಶ್ಲೈಡನ್ ಎಂಬವರು ಗಿಡಗಳ ಮೈಯೆಲ್ಲ ಜೀವಕೋಶಗಳಿಂದ ಆದುದೆಂದರು. ಮರುವರ್ಷವೇ ಶ್ವಾನ್ ಎಂಬವರು ಪ್ರಾಣಿಗಳ ಮೈಯೂ ಹಾಗೆಯೇ ಎಂದು ತೋರಿಸಿದರು. ಅಲ್ಲಿಗೆ ಗಿಡವೂ ನಾವೂ ಒಂದೇ ಬಗೆಯ ಕಟ್ಟಡವೆಂದು ಗೊತ್ತಾಯಿತು. ಒಂದು ಭೇದವುಂಟು. ಗಿಡದ ಜೀವಕೋಶದ ಸುತ್ತ ಸೆಲ್ಯುಲೋಸಿನ ಗಟ್ಟಿ ಗೋಡೆಯಿರುತ್ತದೆ; ನಮ್ಮದಕ್ಕೆ ತೆಳುವಾದ ಪೊರೆ ಮಾತ್ರ. ಎಳೆಯ ಸೌತೆಕಾಯಿಯನ್ನು ಕಚ್ಚಿದಾಗ ಕಟಕ್ಕೆನ್ನುವುದು ನೀರು ತುಂಬಿ ಬಿಗಿದ ಆ ಗೋಡೆಗಳೇ. ಇಂಥ ಗೋಡೆಗಳನ್ನು ಕಟ್ಟಿಕೊಂಡ ಮೈ ನೆಟ್ಟಗೆ ನಿಲ್ಲಬಲ್ಲುದು. ನಮ್ಮ ಸ್ನಾಯುಗಳಂತೆ ಹಿಗ್ಗಿ ಕುಗ್ಗಿ ಓಡಾಡಲಾರದು.

ಓಡಾಡುವ ಅಗತ್ಯವಾದರೂ ಅದಕ್ಕೇನು? ಗಿಡಕ್ಕೂ ಪ್ರಾಣಿಗೂ ಇರುವ ಮುಖ್ಯ ಭೇದ ಇಲ್ಲಿದೆ. ಬೆಲ್ಜಿಯಮ್ಮಿನ ಫಾನ್ ಹೆಲ್ಮಾಂಟ್ ಎಂಬ ವೈದ್ಯರು 200 ಪೌಂಡು ಒಣಮಣ್ಣನ್ನು ತೂಗಿ ಕುಂಡಕ್ಕೆ ತುಂಬಿ, 5 ಪೌಂಡು ತೂಕದ ವಿಲ್ಲೋ ಸಸಿಯನ್ನು ನೆಟ್ಟು, 5 ವರ್ಷ ಬರಿಯ ನೀರೆರೆದರು. ಕೊನೆಗೆ ಮರವನ್ನು ಕಿತ್ತು ತೂಗಿದರೆ 169 ಪೌಂಡು, ಎಂದರೆ ಸುಮಾರು 77 ಕಿಲೋ! ಮಣ್ಣಿನಲ್ಲಿ ಕಡಿಮೆಯಾಗಿದ್ದುದು ಸುಮಾರು 2 ಔನ್ಸು ಮಾತ್ರ. ಅವರು ತೀರಿಕೊಂಡ ಬಳಿಕ 1648ರಲ್ಲಿ ಈ ಪ್ರಯೋಗ ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವರು ತಿಳಿದರು. ಗಾಳಿಯ ಪಾಲು ಅವರಿಗೆ ಹೊಳೆಯಲಿಲ್ಲ. 1771ರಲ್ಲಿ ಪ್ರೀಸ್ಟ್ಲಿ ಎಂಬವರು ಮೇಣದ ಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನದ ಚಿಗುರೊಂದು ಮತ್ತೆ ಸರಿಪಡಿಸುವುದನ್ನು ಕಂಡರು. 1779ರಲ್ಲಿ ಇಂಗೆನ್‌ಹೌಸ್ ಎಂಬವರು, ಈ ಕೆಲಸ ಬೆಳಕಿದ್ದಾಗ ಮಾತ್ರ, ಹಸಿರು ಭಾಗಗಳಲ್ಲಿ ಮಾತ್ರ ನಡೆಯುತ್ತದೆಂದು ತೋರಿಸಿಕೊಟ್ಟರು.

ಎಲೆಯಲ್ಲಿರುವ ಪತ್ರಹರಿತ್ತು ಬಿಸಿಲನ್ನು ಹಿಡಿದು, ಬೇರು ತಂದ ನೀರನ್ನೂ ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನೂ ಬೆಸೆದು ಸಕ್ಕರೆ ಮಾಡುತ್ತದೆ. (ಈಗಿನ ಶಾಲೆಯ ಪುಸ್ತಕಗಳಲ್ಲಿ ಇಂಗಾಲದ ಡೈಆಕ್ಸೈಡ್ ಎನ್ನುವುದು ಈ ವಾಯುವನ್ನೇ.) ಉಳಿದ ಆಮ್ಲಜನಕ ಹೊರಗೆ ಹೋಗುತ್ತದೆ. ನಾವು ಉಣ್ಣುವ ಅನ್ನ, ಮುದ್ದೆ, ರೊಟ್ಟಿ ಎಲ್ಲವೂ ಹೀಗೆ ಎಲೆಯಲ್ಲಿ ಬೆಂದ ಅಡಿಗೆಯೇ. ಕುಡಿಯುವ ಹಾಲು ಸಹ ಹಸು ಮೇಯ್ದ ಹುಲ್ಲಿನಿಂದ ಬಂದುದು. ನಿಂತಲ್ಲೇ ಅಡಿಗೆಯಾಗುವಾಗ ಗಿಡಕ್ಕೆ ಕಾಲು ಬೇಡ, ಬಾಯಿ ಬೇಡ, ಬೇಟೆ ನೋಡುವ ಕಣ್ಣು ಬೇಡ. ಪ್ರಾಣಿಗೆ ಆ ಭಾಗ್ಯವಿಲ್ಲ. ಬೇರೊಬ್ಬರು ಮಾಡಿಟ್ಟ ಆಹಾರವನ್ನು ಹುಡುಕಿ ಹೋಗಬೇಕಾದ್ದರಿಂದ ಕಾಲು, ಕಣ್ಣು, ಹಲ್ಲು, ಹೊಟ್ಟೆ, ಇವೆಲ್ಲವನ್ನೂ ನಡೆಸುವ ನರಗಳು ಮತ್ತು ಮಿದುಳು ಅದಕ್ಕೆ ಬೇಕಾದುವು.

ಉಸಿರಾಟದಲ್ಲಿ ಮಾತ್ರ ಇಬ್ಬರೂ ಒಂದೇ. ಮಾಡಿದ ಸಕ್ಕರೆಯನ್ನು ಬಳಸಿ ಕೆಲಸ ನಡೆಸಲು ಗಿಡವೂ ಹಗಲಿರುಳು ಆಮ್ಲಜನಕವನ್ನು ತೆಗೆದುಕೊಂಡು ಇಂಗಾಲಾಮ್ಲವನ್ನು ಬಿಡುತ್ತದೆ. ಮೊಳಕೆ ಕಟ್ಟಿದ ದೊಡ್ಡ ಗಂಟಿನ ನಡುವೆ ಬೆರಳಿಟ್ಟು ನೋಡಿ, ಬೆಚ್ಚಗಿರುತ್ತದೆ. ಅದು ಕಾಳಿನ ಉಸಿರಾಟದ ಬಿಸಿ. ಹಗಲಿನಲ್ಲಿ ಎಲೆಯ ಅಡಿಗೆ ಜೋರಾಗಿ ನಡೆಯುವುದರಿಂದ ಈ ಉಸಿರಾಟ ಮರೆಯಾಗುತ್ತದೆ, ಅಷ್ಟೆ. ರಾತ್ರಿ ಗಿಡ ವಿಷಗಾಳಿ ಬಿಡುತ್ತದೆಂದು ಹೆದರಿ ಮಲಗುವ ಕೋಣೆಯ ಕುಂಡವನ್ನು ಹೊರಗಿಡುವವರುಂಟು. ಒಬ್ಬ ಮನುಷ್ಯ ದಿನಕ್ಕೆ ಹೆಚ್ಚು ಕಡಿಮೆ 1 ಕಿಲೋ ಇಂಗಾಲಾಮ್ಲವನ್ನು ಬಿಡುತ್ತಾನೆ. ಒಂದು ಕುಂಡದ ಗಿಡ ಬಿಡುವುದು ಅದರ ಮುಂದೆ ಏನೂ ಅಲ್ಲ. ಪಕ್ಕದಲ್ಲಿ ಮಲಗಿದವರಿಗೆ ಹೆದರದವರು ಗಿಡಕ್ಕೆ ಹೆದರಬೇಕಾಗಿಲ್ಲ! ಹಾಗೆಯೇ, ಕತ್ತಲಲ್ಲಿ ಆಮ್ಲಜನಕವನ್ನು ತಯಾರಿಸುವ ಗಿಡವೂ ಯಾವುದೂ ಇಲ್ಲ. ಆ ಕೆಲಸಕ್ಕೆ ಬೆಳಕು ಬೇಕೇ ಬೇಕು.

ಬೆಳವಣಿಗೆಯಲ್ಲಿ ಇಬ್ಬರ ದಾರಿ ಬೇರೆ. ನಮಗೆ ಎರಡೇ ಕೈ, ಎರಡೇ ಕಾಲು. ಒಂದು ವಯಸ್ಸಿಗೆ ಎತ್ತರವೂ ನಿಲ್ಲುತ್ತದೆ. ಗಿಡಕ್ಕೆ ಇಷ್ಟೇ ಎಲೆಯೆಂಬ ಲೆಕ್ಕವಿಲ್ಲ; ತುದಿಗಳಲ್ಲಿ ಬಾಳಿನುದ್ದಕ್ಕೂ ಹೊಸದು ಹುಟ್ಟುತ್ತಿರುತ್ತದೆ. ಚೆನ್ನೈಯ ಅಡ್ಯಾರಿನಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಆವರಣದ ಹಳೆಯ ಆಲದ ಮೂಲಕಾಂಡ 1989ರಲ್ಲಿ ಬಿರುಗಾಳಿಗೆ ಉರುಳಿತು. ಬಿಳಲುಗಳ ಮೇಲೆ ಮರ ಬದುಕಿಕೊಂಡಿತು. ಬೆಂಗಳೂರಿನ ಬಳಿ ರಾಮೋಹಳ್ಳಿಯ ದೊಡ್ಡ ಆಲದ ಮರಕ್ಕೂ ಈಗ ಮೂಲಕಾಂಡವಿಲ್ಲ. ಯಾವ ಹಸುವೂ ಯಾವ ಆನೆಯೂ ಹೀಗೆ ಉಳಿಯಲಾರದು. ಊರಿಂದ ಬರುವಾಗ ದಾಸವಾಳದ ಕಡ್ಡಿಯನ್ನೋ ದೊಡ್ಡಪತ್ರೆಯ ಕುಡಿಯನ್ನೋ ಒದ್ದೆ ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ತಂದು ನೆಟ್ಟವರು ನಮ್ಮಲ್ಲಿ ಎಷ್ಟೋ ಮಂದಿ. ಅದು ಊರಿನ ಗಿಡದ ಮಗುವಲ್ಲ. ಅದೇ ಗಿಡ, ಅದೇ ಮೈಯ ಮುಂದುವರಿದ ಭಾಗ.

ಇನ್ನು ಚಲನೆ, ಸಂವೇದನೆ. ಮುಟ್ಟಿದರೆ ಮುನಿಯನ್ನು ಮುಟ್ಟಿದಾಗ ಎಲೆಯ ಬುಡದ ಸಣ್ಣ ಗಂಟಿನ ಒಂದು ಪಕ್ಕದ ಕೋಶಗಳಿಂದ ನೀರು ಸರಕ್ಕನೆ ಹೊರಬೀಳುತ್ತದೆ. ಬಿಗಿ ತಪ್ಪಿ ಎಲೆ ಮಡಿಚಿಕೊಳ್ಳುತ್ತದೆ. ಮಿಕ್ಕ ಗಿಡಗಳಿಗೂ ಅರಿವುಂಟು. ಚಲನೆ ಮಾತ್ರ ನಿಧಾನ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ 1880ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹುಲ್ಲಿನ ಮೊಳಕೆಯ ತುದಿಗೆ ಟೋಪಿ ಹಾಕಿ ಮುಚ್ಚಿದರೆ ಅದು ಬೆಳಕಿನತ್ತ ಬಾಗುವುದೇ ಇಲ್ಲವೆಂದು ಕಂಡಿತು. ಬೆಳಕನ್ನು ಅರಿಯುವುದು ತುದಿ, ಬಾಗುವುದು ಅದರ ಕೆಳಭಾಗ. ನಮ್ಮ ಜಗದೀಶಚಂದ್ರ ಬೋಸರು (1858–1937) ಗಿಡಗಳಲ್ಲಿ ವಿದ್ಯುತ್ತಿನ ಸಂಕೇತಗಳು ಹರಿಯುವುದನ್ನು ತೋರಿಸಿದರು. ಬೆಳವಣಿಗೆಯನ್ನು 10,000 ಪಟ್ಟು ಹಿಗ್ಗಿಸಿ ತೋರಿಸುವ ಯಂತ್ರವನ್ನೂ ಮಾಡಿದರು. ಆದರೆ ಗಿಡಕ್ಕೆ ನರವಿಲ್ಲ, ಮಿದುಳಿಲ್ಲ. ಅರಿವುಂಟೆಂದ ಮಾತ್ರಕ್ಕೆ ನಮ್ಮಂತೆಯೇ ನೋಯುತ್ತದೆಂದು ಹೇಳಲಾಗದು.

ತಾನು ಹೋಗಲಾರದ ಗಿಡ ಮಕ್ಕಳನ್ನು ಕಳುಹಿಸುತ್ತದೆ. ಎಕ್ಕದ ಬೀಜ ಹತ್ತಿಯ ಕುಚ್ಚಿನಲ್ಲಿ ಹಾರುತ್ತದೆ. ತೆಂಗಿನಕಾಯಿ ನೀರಿನಲ್ಲಿ ತೇಲುತ್ತದೆ. ಉತ್ತರಾಣಿ ನಮ್ಮ ಪಂಚೆಗೇ ಅಂಟಿಕೊಂಡು ಬರುತ್ತದೆ. ಮುಂಬಯಿಯ ಹಳೆಯ ಚಾಳುಗಳ ಗೋಡೆಯ ಬಿರುಕಿನಲ್ಲಿ ಆಲ, ಅರಳಿಗಳು ತಲೆಯೆತ್ತುವುದು ಹಣ್ಣು ತಿಂದ ಹಕ್ಕಿಗಳ ದಯೆಯಿಂದ.

ವಿಸರ್ಜನೆಯಲ್ಲೂ ರೀತಿ ಬೇರೆ. ಮೂತ್ರಪಿಂಡವಿಲ್ಲದ ಗಿಡ ಬೇಡದ್ದನ್ನು ಹಣ್ಣೆಲೆಯೊಂದಿಗೆ ಉದುರಿಸುತ್ತದೆ, ತೊಗಟೆಯಲ್ಲಿ ಕೂಡಿಡುತ್ತದೆ. ಹೀಗೆ ಮೈಯಲ್ಲಿ ಕೂಡಿಟ್ಟುದೆಲ್ಲ ಕಸವಲ್ಲ. ಹಸುವಿನ ಬಾಯಿಂದ ಓಡಿ ತಪ್ಪಿಸಿಕೊಳ್ಳಲಾರದ ಗಿಡಕ್ಕೆ ಆಯುಧ ಬೇಡವೇ? ಕೆಸುವಿನ ಎಲೆ ಬಾಯಿ ತುರಿಸುವುದು ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ. ಈರುಳ್ಳಿ ಕೊಯ್ದಾಗ ಕಣ್ಣೀರು ಬರಿಸುವ ಆವಿ, ಸಾಸಿವೆಯ ಘಾಟು, ಬೇವಿನ ಕಹಿ, ಎಲ್ಲವೂ ಇಂಥವೇ. ಮೆಣಸಿನಕಾಯಿಯ ಖಾರ ಸಸ್ತನಿಗಳ ಬಾಯಿ ಸುಡುತ್ತದೆ, ಬೀಜ ಹರಡುವ ಹಕ್ಕಿಗಳಿಗೆ ತಟ್ಟುವುದಿಲ್ಲ. ನಮ್ಮ ಒಗ್ಗರಣೆಯ ಪರಿಮಳದಲ್ಲಿ ಬಹುಪಾಲು ಓಡಲಾರದವುಗಳ ಆಯುಧಾಗಾರದಿಂದ ಬಂದುದು.

ಇಷ್ಟು ಹೇಳಿದ ಮೇಲೆ, ಗಡಿಯಲ್ಲಿ ನಿಂತ ಕೆಲವನ್ನೂ ಹೇಳದಿದ್ದರೆ ಜಾಣ ಮಕ್ಕಳು ನಮ್ಮನ್ನು ಬಿಡಲಾರರು. ಸಾತಾರೆಯ ಬಳಿ ಕಾಸ್ ಬಯಲಿನಲ್ಲಿ ಮಳೆಗಾಲದಲ್ಲಿ ಕಾಣುವ ಡ್ರಾಸೆರಾ ಗಿಡ ಅಂಟುಹನಿಗಳಲ್ಲಿ ಹುಳುಗಳನ್ನು ಹಿಡಿದು ಅರಗಿಸಿಕೊಳ್ಳುತ್ತದೆ. ಬಡ ನೆಲದಲ್ಲಿ ಸಿಗದ ಸಾರಜನಕಕ್ಕಾಗಿ ಈ ಉಪಾಯ. ಸಕ್ಕರೆಯನ್ನು ಮಾತ್ರ ಅದು ತಾನೇ ಮಾಡಿಕೊಳ್ಳುತ್ತದೆ. ದಿಲ್ಲಿಯವರು ಅಮರಬೇಲ್ ಎನ್ನುವ ಹಳದಿ ಬಳ್ಳಿ ಅಡಿಗೆಯನ್ನೇ ಬಿಟ್ಟು ಬೇರೆ ಗಿಡದ ರಸ ಹೀರಿ ಬದುಕುತ್ತದೆ. ಇತ್ತ ಸಮುದ್ರದ ಬಂಡೆಗೆ ಅಂಟಿದ ಸಿಂಪಿ ಪ್ರಾಣಿಯಾದರೂ ಒಂದೇ ಕಡೆ ಕೂತಿರುತ್ತದೆ. ಅಲೆಯೇ ಅದರ ಬಾಯಿಗೆ ಊಟ ತರುತ್ತದೆ. ಅಣಬೆ ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ. 1969ರಲ್ಲಿ ವಿಟ್ಟೇಕರ್ ಎಂಬವರು ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಅಣಬೆ, ಬೂಷ್ಟುಗಳಿಗೆ ಒಂದನ್ನು ಬೇರೆಯೇ ಕೊಟ್ಟರು.

ಈಗ ಬಾಲ್ಕನಿಗೆ ಬರೋಣ. ನೆಲದಲ್ಲಿರುವ ಗಿಡಕ್ಕೆ ನೀರು ಕಡಿಮೆಯಾದರೆ ಬೇರು ಆಳಕ್ಕೆ, ದೂರಕ್ಕೆ ಹುಡುಕಿ ಹೋಗುತ್ತದೆ. ನಡೆಯಲಾರದ ಜೀವಕ್ಕೆ ಇರುವ ನಡಿಗೆ ಅದೊಂದೇ. ಕುಂಡದಲ್ಲಿಟ್ಟ ನಾವು ಅದನ್ನೂ ಒಂದು ಗೇಣಿಗೆ ಕಟ್ಟಿಹಾಕಿದ್ದೇವೆ. ಮೇ ತಿಂಗಳ ರಜೆಗೆ ಊರಿಗೆ ಹೊರಟಾಗ ನಾಯಿಯನ್ನು ಒಳಗೆ ಕೂಡಿ ಬೀಗ ಹಾಕಿ ಹೋಗುವವರು ನಮ್ಮಲ್ಲಿ ಯಾರೂ ಇರಲಾರರು. ತುಳಸಿಯನ್ನು ಹಾಗೆ ಬಿಟ್ಟು ಹೋಗುತ್ತೇವೆ; ಬಂದು ನೋಡಿದಾಗ ಒಣಗಿದ ಕಡ್ಡಿ. ‘ಹೋಗಲಿ, ಇನ್ನೊಂದು ತಂದರಾಯಿತು’ ಎನ್ನುತ್ತೇವೆ. ಜೀವಿಗಳ ಲಕ್ಷಣಗಳನ್ನು ಬಾಯಿಪಾಠ ಮಾಡಿದ ಮಗು ಅದನ್ನು ನೋಡುತ್ತ ನಿಂತಿರುತ್ತದೆ. ಪುಸ್ತಕದ ಪಾಠಕ್ಕಿಂತ ಈ ಪಾಠ ಅದರ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿದೀತು.

ಉಪಾಯ ಕಷ್ಟದ್ದಲ್ಲ. ಹೊರಡುವ ದಿನ ಕುಂಡಗಳಿಗೆ ತುಂಬ ನೀರೆರೆದು, ನೇರ ಬಿಸಿಲು ಬೀಳದ ಕಡೆ ಒತ್ತಾಗಿ ಸೇರಿಸಿಡಿ. ಮಣ್ಣಿನ ಮೇಲೆ ತೆಂಗಿನ ನಾರನ್ನೋ ಒಣ ಎಲೆಗಳನ್ನೋ ಹರಡಿ. ಪಕ್ಕದಲ್ಲಿ ಸ್ವಲ್ಪ ಎತ್ತರಕ್ಕೆ ಒಂದು ಬಕೆಟ್ ನೀರನ್ನು ಮುಚ್ಚಿಟ್ಟು, ಹಳೆಯ ಪಂಚೆಯ ಅಂಚನ್ನು ಹರಿದು ಬತ್ತಿಯಂತೆ ಹೊಸೆದು, ಒಂದು ತುದಿ ನೀರಿನ ತಳ ಮುಟ್ಟುವಂತೆಯೂ ಇನ್ನೊಂದು ಮಣ್ಣಿನಲ್ಲಿ ಹೂತಿರುವಂತೆಯೂ ಇಡಿ. ನೀರು ತಾನಾಗಿ ಹರಿದು ಬರುತ್ತದೆ. ಎರಡು ದಿನ ಮುಂಚೆಯೇ ಇದನ್ನು ಮಾಡಿ ಪರೀಕ್ಷಿಸುವುದು ಲೇಸು. ಎಲ್ಲಕ್ಕಿಂತ ಸುಲಭವೆಂದರೆ ನೆರೆಮನೆಯವರಿಗೆ ಒಪ್ಪಿಸುವುದು. ಬರುವಾಗ ಅವರಿಗೆ ಊರಿನ ಹಪ್ಪಳ, ಸಂಡಿಗೆ ತಂದರಾಯಿತು.

ಮಕ್ಕಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇವೆ. ಎರಡು ಬಟ್ಟಲುಗಳಲ್ಲಿ ಒದ್ದೆ ಹತ್ತಿ ಹಾಕಿ, ಹತ್ತು ಹತ್ತು ಹೆಸರುಕಾಳು ಇಡಿ. ಒಂದು ಕಿಟಕಿಯಲ್ಲಿರಲಿ, ಇನ್ನೊಂದು ಕತ್ತಲ ಕಪಾಟಿನಲ್ಲಿರಲಿ. ಎರಡಕ್ಕೂ ಸಮನಾಗಿ ನೀರು ಚಿಮುಕಿಸಿ, ಹತ್ತು ದಿನ ಅಳೆದು ಬರೆದಿಡಿ. ಯಾವುದು ಹೆಚ್ಚು ಉದ್ದವಾಯಿತು, ಯಾವುದರ ಬಣ್ಣ ಹೇಗಿದೆ, ಏಕೆ ಹಾಗಾಯಿತು ಎಂಬುದನ್ನು ಕನ್ನಡದಲ್ಲಿ ಬರೆದು ಸಂಘದ ವಿಳಾಸಕ್ಕೆ ಕಳುಹಿಸಿ. ತಪ್ಪಕ್ಷರಗಳಿಗೆ ಅಂಜಬೇಡಿ, ತಿದ್ದಿಕೊಳ್ಳುತ್ತೇವೆ. ಚೆನ್ನಾದುವನ್ನು ಮುಂದಿನ ಸಂಚಿಕೆಯಲ್ಲಿ ಹೆಸರಿನೊಡನೆ ಅಚ್ಚು ಹಾಕಿಸುತ್ತೇವೆ.