ಕೂಸಿನ ಕಣ್ಣು ಮತ್ತು ಆರೋಗ್ಯಖಾತೆಯ ಹೊಣೆ

ಎಳೆಗೂಸಿನ ಕಣ್ಣಿನ ಮೇಲೆ ಬೆಳಕು ಬಿದ್ದಾಗ ಪಾಪೆಯಲ್ಲಿ ಬೆಕ್ಕಿನ ಕಣ್ಣಿನಂತೆ ಬಿಳಿಯ ಹೊಳಪು ಕಾಣುವದುಂಟು. ದೃಷ್ಟಿ ತಾಗಿತೆಂದೋ ಕಣ್ಣಿನಲ್ಲಿ ಹೂ ಬಿತ್ತೆಂದೋ ಬಗೆದು ಅನೇಕ ಮನೆಗಳವರು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಅದು ಅಕ್ಷಿಪಟಲದಲ್ಲಿ ಹುಟ್ಟುವ ರೆಟಿನೋಬ್ಲಾಸ್ಟೋಮ ಎಂಬ ಅರ್ಬುದದ ಗುರುತಾಗಿರಬಹುದು. ಬಹುಮಟ್ಟಿಗೆ ಐದು ವರ್ಷದೊಳಗಿನವರಿಗೇ ಬರುವ ಈ ರೋಗವು ಸುಮಾರು 16,000ದಿಂದ 18,000 ಜನನಗಳಿಗೊಮ್ಮೆ ಕಾಣಿಸುವ ವಿರಳವಾದ ರೋಗವೇ ಅಹುದು. ಆದರೆ ಕೆಲವು ಮನೆತನಗಳ ಕೂಸುಗಳ ಪಾಲಿಗೆ ಅದು ವಿರಳವಲ್ಲ. ಆ ಕೂಸುಗಳ ಸಂಗತಿಯನ್ನೇ ಇಂದು ವಾಚಕರ ಹಾಗೂ ಅಧಿಕಾರಿಗಳ ಮುಂದಿಡಬಯಸುತ್ತೇವೆ.

1971ರಲ್ಲಿ ಅಮೇರಿಕೆಯ ಡಾ. ಆಲ್ಫ್ರೆಡ್ ನಡ್‌ಸನ್ ಎಂಬವರು 48 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ಈ ರೋಗದ ಒಂದು ಬಗೆಯು ಹುಟ್ಟಿನಿಂದಲೇ ಬರುವದೆಂಬದಕ್ಕೆ ಆಧಾರವನ್ನೊದಗಿಸಿದರು. 1986ರಲ್ಲಿ ಅದಕ್ಕೆ ಕಾರಣವಾದ ಜೀನು ಗೊತ್ತಾಯಿತು. ರೋಗಿಗಳಲ್ಲಿ ನೂರಕ್ಕೆ ಸುಮಾರು 40 ಮಂದಿ ಈ ಬಗೆಯವರು. ತಂದೆ ಅಥವಾ ತಾಯಿಯಲ್ಲಿ ಆ ದೋಷವಿದ್ದರೆ ಪ್ರತಿಯೊಂದು ಕೂಸಿಗೂ ಅದು ಇಳಿದು ಬರುವ ಸಂಭವವು ಅರ್ಧಕ್ಕರ್ಧ. ಬಂದ ಕೂಸುಗಳಲ್ಲಿ ನೂರಕ್ಕೆ 90ಕ್ಕೆ ಮಿಕ್ಕಿ ರೋಗಕ್ಕೆ ತುತ್ತಾಗುತ್ತವೆ. ಸೋದರಮಾವನಿಗೆ ಕೊಟ್ಟದ್ದರಿಂದಲೇ ಹೀಗಾಯಿತೆಂದು ನಮ್ಮ ಕಡೆ ಆಡಿಕೊಳ್ಳುವದುಂಟು; ಅದು ತಪ್ಪು. ಒಬ್ಬರ ಕಡೆಯ ದೋಷವೊಂದೇ ಸಾಕು. ಎಷ್ಟೋ ಸಲ ತಂದೆತಾಯಿಗಳಿಬ್ಬರಲ್ಲಿಯೂ ಇಲ್ಲದ ದೋಷವು ಕೂಸಿನಲ್ಲಿಯೇ ಹೊಸದಾಗಿ ತಲೆದೋರುತ್ತದೆ. ಬಾಣಂತಿಯನ್ನು ದೂರುವ ಅತ್ತೆಯಂದಿರು ಇದನ್ನು ತಿಳಿದಿರುವದು ಒಳ್ಳೆಯದು.

ಇಂಥ ಮನೆಯಲ್ಲಿ ಹುಟ್ಟಿದ ಕೂಸಿನ ಕಣ್ಣನ್ನು ಬಿಳಿಹೊಳಪು ಕಾಣುವ ವರೆಗೆ ಕಾಯದೆ ಮೊದಲನೆಯ ವಾರಗಳಿಂದಲೇ ನೋಡಬೇಕು. ಮೊದಲು ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಆ ಬಳಿಕ ವರ್ಷ ತುಂಬುವ ತನಕ ತಿಂಗಳಿಗೊಮ್ಮೆ, ಮುಂದೆ ಅಂತರವನ್ನು ಹೆಚ್ಚಿಸುತ್ತ ಏಳು ವರ್ಷದ ವರೆಗೆ ಈ ಪರೀಕ್ಷೆ ನಡೆಯಬೇಕು. ಸಾಸಿವೆಯಷ್ಟಿರುವಾಗ ಸಿಕ್ಕ ಗಡ್ಡೆಯನ್ನು ಲೇಸರ್ ಕಿರಣದಿಂದಲೋ ಶೈತ್ಯದಿಂದಲೋ ನಾಶಪಡಿಸಿ ಕಣ್ಣನ್ನೂ ದೃಷ್ಟಿಯನ್ನೂ ಉಳಿಸಬಹುದು. ತಡವಾದರೆ ಜೀವವನ್ನುಳಿಸಲು ಕಣ್ಣನ್ನೇ ತೆಗೆಯಬೇಕಾಗುವದು. ಇನ್ನೂ ತಡವಾದರೆ ಜೀವವೂ ಉಳಿಯದು. ಇನ್ನೊಂದು ಮಾತು. ರೋಗವಾದ ಕೂಸಿನ ರಕ್ತದಲ್ಲಿ ದೋಷವು ಗೊತ್ತಾಯಿತೆಂದರೆ ಅದರ ತಮ್ಮತಂಗಿಯರಲ್ಲಿ ಅಷ್ಟನ್ನೇ ಹುಡುಕಿದರೆ ತೀರಿತು. ದೋಷವಿಲ್ಲದ ಕೂಸು ಏಳು ವರ್ಷಗಳ ಅಲೆದಾಟದಿಂದ ಒಂದೇ ಸಲಕ್ಕೆ ಪಾರಾಗುತ್ತದೆ.

ನಮ್ಮ ಜಿಲ್ಲೆಯ ಸ್ಥಿತಿಯೇನು? ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಮಗುವಿಗೆ ಚಿಕಿತ್ಸೆ ಮಾಡಿಸಿದ ಕುಟುಂಬದಲ್ಲಿ ಎರಡು ವರ್ಷಗಳ ಮೇಲೆ ಇನ್ನೊಂದು ಕೂಸು ಹುಟ್ಟಿತೆಂದಿಟ್ಟುಕೊಳ್ಳಿರಿ. ಜಲನಗರದಲ್ಲಾಗಲಿ, ತಿಕೋಟಾ ಬಬಲೇಶ್ವರಗಳ ಹಳ್ಳಿಯಲ್ಲಾಗಲಿ ಅದರ ಕಣ್ಣನ್ನು ಯಾರು ನೋಡಬೇಕು? ತಿಂಗಳಿಗೊಮ್ಮೆ 500 ಕಿಲೋಮೀಟರಿಗೆ ಮಿಕ್ಕಿದ ಪ್ರಯಾಣವನ್ನು ಕೂಲಿಯ ಮನೆಯವರು ಎಷ್ಟು ತಿಂಗಳು ಮಾಡಿಯಾರು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ ಬರುವ ಏರ್ಪಾಡಿದೆ. ಎಲ್ಲ ಮಕ್ಕಳಿಗೆ ಅದು ಹಿತವೇ. ಈ ಕೂಸಿಗೆ ಏನೇನೂ ಸಾಲದು.

ಉಪಾಯವೂ ನಮ್ಮ ನಾಡಿನಲ್ಲಿಯೇ ಇದೆ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಅಕ್ಷಿಪಟಲದ ಚಿತ್ರವನ್ನು ಜಿಲ್ಲೆಗಳಲ್ಲಿ ತೆಗೆದು ಬೆಂಗಳೂರಿನ ತಜ್ಞರಿಗೆ ಕಳಿಸುವ ‘ಕಿಡ್ರಾಪ್’ ಯೋಜನೆಯನ್ನು ನಾರಾಯಣ ನೇತ್ರಾಲಯದವರು 2008ರಲ್ಲಿ ಆರಂಭಿಸಿದರು. ಅದು ಉತ್ತರ ಕರ್ನಾಟಕಕ್ಕೂ ಬಂತು. ಅಂಥ ಯಂತ್ರದಿಂದಲೇ ಈ ಕೂಸುಗಳ ಕಣ್ಣನ್ನೂ ನೋಡಲು ಬರುವದು. ಬೇರೆ ಬಗೆಯ ಆನುವಂಶಿಕ ಅರ್ಬುದಗಳ ಮನೆತನಗಳನ್ನು ಕ್ರಮವಾಗಿ ಪರೀಕ್ಷಿಸುತ್ತ ಬಂದದ್ದರಿಂದ ಹೆಚ್ಚು ಮಂದಿ ಬದುಕಿದರೆಂದು ಕೆನಡಾದ ಟೊರಾಂಟೊದ ವೈದ್ಯರು 2011ರಲ್ಲಿ ಪ್ರಕಟಿಸಿದರು. ಅದಕ್ಕೆ ಸರ್ವಾಂಗವನ್ನು ಚಿತ್ರಿಸುವ ದುಬಾರಿ ಯಂತ್ರಗಳು ಬೇಕು. ಕಣ್ಣಿಗೆ ಅಷ್ಟು ಖರ್ಚಿಲ್ಲ.

ಮನೆತನದ ಹೆಸರು ದಫ್ತರಕ್ಕೇರಿದರೆ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯನ್ನು ನಾವು ಹಗುರಾಗಿ ಕಾಣುವದಿಲ್ಲ. ಆದ್ದರಿಂದ ಆ ಯಾದಿಯು ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ಗುಪ್ತವಾಗಿರಬೇಕು; ಊರಿನ ಆಶಾ ಕಾರ್ಯಕರ್ತೆಗೆ ಪರೀಕ್ಷೆಯ ದಿನದ ಹೊರತು ಬೇರೇನೂ ತಿಳಿಯಬೇಕಾಗಿಲ್ಲ. ಚಿಕಿತ್ಸೆ ಕೊಟ್ಟ ದವಾಖಾನೆಯವರು ಮನೆಯವರ ಒಪ್ಪಿಗೆಯಿಂದ ಆ ಕಚೇರಿಗೆ ಪತ್ರ ಬರೆಯಲಿ, ಜಿಲ್ಲಾ ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಗೊತ್ತಾಗಲಿ, ರಕ್ತಪರೀಕ್ಷೆಯ ವೆಚ್ಚವನ್ನೂ ಬಸ್ಸಿನ ಖರ್ಚನ್ನೂ ಸರಕಾರದವರು ವಹಿಸಲಿ. ಜಿಲ್ಲೆಯಲ್ಲಿ ಇಂಥ ಮನೆಗಳು ಕೈಬೆರಳಿನಿಂದ ಎಣಿಸುವಷ್ಟೇ ಇದ್ದಾವು. ಆಯವ್ಯಯದಲ್ಲಿ ಹಣವಿಲ್ಲವೆಂಬ ಉತ್ತರವು ಇಲ್ಲಿ ಸಲ್ಲದು.